ಪುಸ್ತಕಪ್ರೇಮಿ ನವಾಬ: ಮೂರನೆಯ ಸಾಲಾರ್ ಜಂಗ್

ದೇಶ ಸುತ್ತಬೇಕು, ಕೋಶ ಓದಬೇಕು ಅಂತ ನಮ್ಮ ಹಿರಿಯರು ಹೇಳ್ತಾ ಬಂದಿದ್ದಾರೆ. ಹೇಳೋದು ಸುಲಭ. ಎರಡನ್ನೂ ಮಾಡಬೇಕಾದರೆ ಪುರುಸೊತ್ತೂ ಬೇಕು, ದುಡ್ಡೂ ಬೇಕು. ನಮ್ಮಂಥ ವಿದ್ಯಾರ್ಥಿಗಳಿಗೆ ಪುರುಸೊತ್ತು ಇದ್ದಾಗ ಜೇಬು ಖಾಲಿ. ಕೆಲಸ ಸಿಕ್ಕಿ ಜೇಬು ತುಂಬುವ ಹೊತ್ತಿಗೆ ಪುರುಸೊತ್ತು ಓಡಿ ಹೋಗಿರುತ್ತದೆ. ಹೀಗಾಗಿ ನಮ್ಮಲ್ಲಿ ಬಹಳ ಜನ ದೇಶ ಸುತ್ತುವುದನ್ನು ಕನಸಿನಲ್ಲಿ, ಕೋಶ ಓದುವುದನ್ನು ಪರೀಕ್ಷೆಯ ಹಿಂದಿನ ರಾತ್ರಿ ಮಾಡಿ ಮುಗಿಸುತ್ತೇವೆ.

ಆದರೆ ಇದೇ ಹೈದರಾಬಾದಿನಲ್ಲಿ, ಮೂಸಿ ನದಿಯ ದಂಡೆಯ ಮೇಲೆ, ದುಡ್ಡು ಮತ್ತು ಪುರುಸೊತ್ತು ಎರಡೂ ಕೈತುಂಬ ಇದ್ದ ಒಬ್ಬರು ಬಾಳಿ ಹೋದರು. ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ನಾವೆಲ್ಲ ಒಮ್ಮೆಯಾದರೂ ಹೋಗಿದ್ದೇವೆ. ಊರಿನಿಂದ ನೆಂಟರು ಬಂದರೆ ಮೊದಲು ಚಾರ್‌ಮಿನಾರ್, ಆಮೇಲೆ ಸಾಲಾರ್ ಜಂಗ್ ಅಂತ ತೋರಿಸಿ ಬರುವುದು ನಮ್ಮ ಪದ್ಧತಿ. ಆದರೆ ಸಾಲಾರ್ ಜಂಗ್ ಅಂದರೆ ಯಾರು, ಅವರು ಹೇಗೆ ಬದುಕಿದರು, ಅಷ್ಟೊಂದು ಪುಸ್ತಕ ಯಾಕೆ ಕೂಡಿಸಿದರು, ಆ ದುಡ್ಡು ಎಲ್ಲಿಂದ ಬಂತು, ಇದನ್ನು ಕೇಳುವವರು ಕಡಿಮೆ. ಕೋಶ ಅನ್ನುವ ಮಾತಿಗೆ ಪುಸ್ತಕ ಅನ್ನುವುದೂ ಅರ್ಥ, ಬೊಕ್ಕಸ ಅನ್ನುವುದೂ ಅರ್ಥ. ವಾಣಿಜ್ಯದ ವಿದ್ಯಾರ್ಥಿಯಾದ ನನಗೆ ಎರಡನೆಯ ಅರ್ಥದ ಮೇಲೂ ಒಂದು ಕಣ್ಣು ಇದ್ದೇ ಇರುತ್ತದೆ. ಮಿತ್ರರು ಇದನ್ನು ಕ್ಷಮಿಸಬೇಕು.

ಸಾಲಾರ್ ಜಂಗ್ ಅನ್ನುವುದು ಒಬ್ಬರ ಹೆಸರಲ್ಲ, ಬಿರುದು. ಒಂದೇ ಮನೆತನದ ಮೂರು ತಲೆಮಾರು ಆ ಬಿರುದು ಹೊತ್ತು ನಿಜಾಮರ ದಿವಾನರಾದರು. ಮೊದಲನೆಯವರು ಮೀರ್ ತುರಾಬ್ ಅಲಿ ಖಾನ್. 1853ರಲ್ಲಿ, ಇನ್ನೂ ಇಪ್ಪತ್ನಾಲ್ಕು ವರ್ಷದ ಹುಡುಗನಾಗಿದ್ದಾಗ ದಿವಾನಗಿರಿ ಅವರ ತಲೆ ಮೇಲೆ ಬಿತ್ತು. ಆಗ ಹೈದರಾಬಾದ್ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಕಂದಾಯ, ಪೊಲೀಸು, ನ್ಯಾಯಾಲಯ, ಶಾಲೆ ಎಲ್ಲವನ್ನೂ ಹೊಸದಾಗಿ ಕಟ್ಟಿ 1883ರಲ್ಲಿ ಸಾಯುವವರೆಗೂ ಅವರು ಆ ಹುದ್ದೆಯಲ್ಲೇ ಇದ್ದರು. 1876ರಲ್ಲಿ ಯೂರೋಪ್ ಪ್ರವಾಸ ಮಾಡಿದರು. ಪ್ಯಾರಿಸ್ಸಿನಲ್ಲಿ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡರೂ ಇಂಗ್ಲೆಂಡಿಗೆ ಹೋಗುವುದನ್ನು ಬಿಡಲಿಲ್ಲ. ಅದೇ ಪ್ರವಾಸದಲ್ಲಿ ರೋಮಿನಲ್ಲಿ ಕೊಂಡದ್ದು ಬೆಂಜೋನಿ ಅನ್ನುವ ಶಿಲ್ಪಿಯ ಅಮೃತಶಿಲೆಯ ರೆಬೆಕಾ. ಮುಖದ ಮೇಲೆ ತೆಳುವಾದ ಮುಸುಕು ಹೊದ್ದ ಆ ಹೆಣ್ಣಿನ ಮುಂದೆ ನಮ್ಮ ನೆಂಟರೆಲ್ಲ ಬಾಯಿ ತೆರೆದುಕೊಂಡು ನಿಲ್ಲುತ್ತಾರಲ್ಲ, ಅದೇ.

ಎರಡನೆಯವರು ಅವರ ಮಗ ಮೀರ್ ಲಾಯಕ್ ಅಲಿ ಖಾನ್. 1884ರಿಂದ 1887ರವರೆಗೆ ದಿವಾನರು. ಸಂಸ್ಥಾನದ ಆಡಳಿತದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂದದ್ದು ಇವರ ಕಾಲದಲ್ಲಿ. ಹುದ್ದೆ ಬಿಟ್ಟ ಮೇಲೆ ಇವರೂ ಯೂರೋಪಿಗೆ ಹೋದರು, ಹೋದದ್ದನ್ನು ಪಾರ್ಸಿಯಲ್ಲೂ ಇಂಗ್ಲಿಷಿನಲ್ಲೂ ಬರೆದರು. ಅಂದರೆ ಅಜ್ಜ ದೇಶ ಸುತ್ತಿ ಸಾಮಾನು ತಂದರು, ಅಪ್ಪ ದೇಶ ಸುತ್ತಿ ಬರಹ ತಂದರು. ನಮ್ಮ ಕಥಾನಾಯಕರು ಮೂರನೆಯವರು. ಅವರಿಗೆ ಈ ಎರಡೂ ಹುಚ್ಚು ಬಳುವಳಿಯಾಗಿ ಬಂದವು ಅನ್ನಬಹುದು.

ಮೀರ್ ಯೂಸುಫ್ ಅಲಿ ಖಾನ್ ಹುಟ್ಟಿದ್ದು 1889ರ ಜೂನ್ 13ರಂದು, ಪುಣೆಯಲ್ಲಿ. ಹುಟ್ಟಿ ಒಂದು ತಿಂಗಳು ತುಂಬಲಿಲ್ಲ, ತಂದೆ ತೀರಿಹೋದರು. ತಂದೆಗೆ ಆಗ ಮೂವತ್ತೂ ಆಗಿರಲಿಲ್ಲ. ತೊಟ್ಟಿಲಲ್ಲಿ ಮಲಗಿದ ಕೂಸೇ ಆ ದೊಡ್ಡ ಮನೆತನಕ್ಕೆ ಉಳಿದ ಒಬ್ಬನೇ ವಾರಸುದಾರ. ಬೇರೆ ಮಕ್ಕಳು ಅಂಬೆಗಾಲಿಡುವ ವಯಸ್ಸಿಗೆ ಈ ಮಗು ನೂರಾರು ಹಳ್ಳಿಗಳ ಜಹಗೀರುದಾರ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಮಗುವಿನ ಮೇಲೆ ಮಮತೆ ಇಟ್ಟು ನೋಡಿಕೊಂಡರು. ಆಸ್ತಿಯೆಲ್ಲ ಸರ್ಕಾರದ ಮೇಲ್ವಿಚಾರಣೆಯಲ್ಲಿತ್ತು.

ಅಪ್ಪನ ಮುಖ ನೋಡದೆ ಬೆಳೆದ ಹುಡುಗನಿಗೆ ಅಪ್ಪ ಅಂದರೆ ಏನು? ಅವರು ಬರೆದಿಟ್ಟ ಪುಟಗಳು, ಕಪಾಟಿನಲ್ಲಿದ್ದ ಪುಸ್ತಕಗಳು, ಅವರು ಕೊಂಡು ತಂದ ಸಾಮಾನು. ಇದು ನನ್ನ ಊಹೆ ಅಷ್ಟೇ. ಆದರೂ ಸತ್ತವರ ಜೊತೆ ಮಾತಾಡಬೇಕಾದರೆ ಪುಸ್ತಕಕ್ಕಿಂತ ಬೇರೆ ದಾರಿ ಮನುಷ್ಯ ಇನ್ನೂ ಕಂಡುಹಿಡಿದಿಲ್ಲ. ಇಡೀ ಬದುಕನ್ನು ಪುಸ್ತಕ ಕೂಡಿಸುವುದರಲ್ಲಿ ಕಳೆದವರ ಬಾಲ್ಯ ಹೀಗಿತ್ತು ಅನ್ನುವುದನ್ನು ನಾವು ಮರೆಯಬಾರದು.

ಅವರು ಇದ್ದದ್ದು ದಿವಾನ್ ದೇವಡಿ ಅನ್ನುವ ವಾಡೆಯಲ್ಲಿ, ಹಳೇ ಪಟ್ಟಣದಲ್ಲಿ, ಮೂಸಿಗೆ ಹತ್ತಿರ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಬಂದು ನಗರದಲ್ಲಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಆಗ ಯೂಸುಫ್ ಅಲಿ ಖಾನರಿಗೆ ಹತ್ತೊಂಬತ್ತು, ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಆ ಪ್ರವಾಹದ ಮೇಲೆ ನಗರವನ್ನು ಮತ್ತೆ ಮುಳುಗದ ಹಾಗೆ ಮಾಡಲು ಸಲಹೆ ಕೇಳಿ ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಿಂದಲೇ ಮೂಸಿ ಮತ್ತು ಈಸಿ ನದಿಗಳಿಗೆ ಅಡ್ಡಲಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದವು.

ವಿಶ್ವೇಶ್ವರಯ್ಯನವರ ಹೆಸರು ಸುಮ್ಮನೆ ಎತ್ತಲಿಲ್ಲ. 1912ನೇ ಇಸವಿಯಲ್ಲಿ ಒಂದು ಸೋಜಿಗ ನಡೆಯಿತು. ಆ ವರ್ಷ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾದರು. ಅದೇ ವರ್ಷ ಹೈದರಾಬಾದಿನಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಮೂರನೆಯ ಸಾಲಾರ್ ಜಂಗರನ್ನು ದಿವಾನರನ್ನಾಗಿ ನೇಮಿಸಿದರು. ಒಬ್ಬರಿಗೆ ಐವತ್ತು ದಾಟಿತ್ತು, ಇನ್ನೊಬ್ಬರಿಗೆ ಇಪ್ಪತ್ತಮೂರು. ಒಬ್ಬರು ಮುದ್ದೇನಹಳ್ಳಿಯಿಂದ ಓದಿನ ಬಲದ ಮೇಲೆ ಮೇಲೆ ಬಂದವರು, ಇನ್ನೊಬ್ಬರು ಮನೆತನದ ಬಲದ ಮೇಲೆ ಬಂದವರು. ಮೈಸೂರಿನ ದಿವಾನರು ಆರು ವರ್ಷ ನಿಂತರು. ಅವರ ಕಾಲದಲ್ಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತೆರೆಯಿತು. ಹೈದರಾಬಾದಿನ ದಿವಾನರು ಎರಡೂವರೆ ವರ್ಷವೂ ನಿಲ್ಲಲಿಲ್ಲ. ನಿಜಾಮರಿಗೂ ಅವರಿಗೂ ಹೊಂದಿಕೆ ಆಗಲಿಲ್ಲ. 1914ರ ಕೊನೆಗೆ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಅದಾದ ಮೇಲೆ ಕೆಲವು ವರ್ಷ ನಿಜಾಮರು ದಿವಾನರೇ ಬೇಡ ಅಂತ ತಾವೇ ಆಡಳಿತ ನಡೆಸಿದರು.

ಇಪ್ಪತ್ತೈದನೆಯ ವಯಸ್ಸಿಗೆ ನಿವೃತ್ತಿ! ನಮ್ಮಲ್ಲಿ ಆ ವಯಸ್ಸಿಗೆ ಎಷ್ಟೋ ಜನಕ್ಕೆ ಮೊದಲ ಕೆಲಸ ಸಿಕ್ಕಿರುವುದಿಲ್ಲ. ಇಂಥ ಹೊತ್ತಿನಲ್ಲಿ ಕೈಯಲ್ಲಿ ಹಣ ಇರುವ ಮನುಷ್ಯ ಏನು ಮಾಡುತ್ತಾನೆ? ಕುಡಿತ, ಜೂಜು, ಬೇಟೆ, ಕುದುರೆ ಅಂತ ಹೋದ ನವಾಬರ ಕತೆಗಳು ಬೇಕಾದಷ್ಟಿವೆ. ಯೂಸುಫ್ ಅಲಿ ಖಾನರು ಹಾಗೆ ಹೋಗಲಿಲ್ಲ. ಮದುವೆಯನ್ನೂ ಆಗಲಿಲ್ಲ. ಮುಂದಿನ ಮೂವತ್ತನಾಲ್ಕು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಜಗತ್ತಿನಲ್ಲಿ ಚೆಂದ ಇರುವುದನ್ನೆಲ್ಲ ಹುಡುಕಿ ಕೊಳ್ಳುವುದು, ಕೊಂಡದ್ದನ್ನು ಮನೆ ತುಂಬ ಇಡುವುದು.

ಅವರು ಯೂರೋಪಿಗೆ ಹೋದರು, ಅರಬ್ಬಿ ಸೀಮೆಗಳ ಕಡೆಗೂ ಹೋದರು. ಹೋದಲ್ಲೆಲ್ಲ ಕೊಂಡರು. ತಾವು ಹೋಗದಿದ್ದಾಗ ಜಗತ್ತೇ ಅವರ ಬಾಗಿಲಿಗೆ ಬರುತ್ತಿತ್ತು. ಸಾಮಾನು ಮಾರುವ ವ್ಯಾಪಾರಿಗಳಿಗೆ ದಿವಾನ್ ದೇವಡಿಯ ದಾರಿ ಚೆನ್ನಾಗಿ ಗೊತ್ತಿತ್ತು. ಚೀನಾದ ಪಿಂಗಾಣಿ, ಜಪಾನಿನ ರೇಷ್ಮೆ ಕಸೂತಿ, ಪಚ್ಚೆಕಲ್ಲಿನ ಬಟ್ಟಲು, ಫ್ರಾನ್ಸಿನ ಗಡಿಯಾರ, ಇರಾನಿನ ರತ್ನಗಂಬಳಿ, ನೂರಾರು ಬಗೆಯ ಕೈಗೋಲು. ಮಕ್ಕಳಿಲ್ಲದ ಆ ಮನೆಯಲ್ಲಿ ಮಕ್ಕಳ ಆಟಿಕೆಗಳೂ ರಾಶಿ ಇದ್ದವು. ಇದು ಯಾಕೋ ನನ್ನನ್ನು ಬಹಳ ಕಾಡುತ್ತದೆ. ತವರದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿದ ಆ ಕೋಣೆಯನ್ನು ನೋಡಿದಾಗ, ಇದನ್ನು ಕೂಡಿಸಿದವರಿಗೆ ಚಿಕ್ಕಂದಿನಲ್ಲಿ ಜೊತೆಗೆ ಕೂತು ಆಡುವವರು ಯಾರಿದ್ದರೋ ಅನ್ನಿಸುತ್ತದೆ.

ಸಾಮಾನಿನ ಜೊತೆಗೇ ಪುಸ್ತಕ. ಪುಸ್ತಕದ ಕೋಶ ಅಜ್ಜನ ಕಾಲದಿಂದಲೂ ಇತ್ತು. ಮೊಮ್ಮಗ ಅದನ್ನು ಹಲವು ಪಟ್ಟು ಬೆಳೆಸಿದರು. ಕವಿಗಳಿಗೆ, ವಿದ್ವಾಂಸರಿಗೆ ಆಶ್ರಯ ಕೊಟ್ಟರು, ಎಷ್ಟೋ ಪುಸ್ತಕ ಅಚ್ಚಾಗಲು ಹಣ ಕೊಟ್ಟರು. ಹಸ್ತಪ್ರತಿ ಅಂದರೆ ಅವರಿಗೆ ಜೀವ. ಇವತ್ತು ಸಾಲಾರ್ ಜಂಗ್ ಗ್ರಂಥಾಲಯದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. ಅದರಲ್ಲಿ ಒಂದು ಕುರಾನ್ ಪ್ರತಿ ಬರೆದವರು ಬಾಗ್ದಾದಿನ ಹೆಸರಾಂತ ಲಿಪಿಕಾರ ಯಾಕೂತ್ ಅಲ್ ಮುಸ್ತಸಿಮಿ. ಅದರ ಮೇಲೆ ಜಹಾಂಗೀರ್, ಶಹಜಹಾನ್, ಔರಂಗಜೇಬ್ ಮೂವರ ರುಜುವೂ ಇದೆ. ಅಜ್ಜ, ಮಗ, ಮೊಮ್ಮಗ ಮೂರು ತಲೆಮಾರು ಒಂದೇ ಪುಸ್ತಕದ ಮೇಲೆ ರುಜು ಹಾಕಿದ್ದು. ಮೂರು ತಲೆಮಾರಿನ ಸಾಲಾರ್ ಜಂಗರ ಮನೆಗೆ ತಕ್ಕ ಪುಸ್ತಕವೇ ಸರಿ. ಹೈದರಾಬಾದ್ ನಗರ ಕಟ್ಟಿಸಿದ ಮಹಮ್ಮದ್ ಕುಲಿ ಕುತುಬ್ ಶಹಾ ದಖನಿ ಭಾಷೆಯಲ್ಲಿ ಬರೆದ ಪದ್ಯಗಳ ಹಳೆಯ ಹಸ್ತಪ್ರತಿಯೂ ಇಲ್ಲಿಯೇ ಇದೆ. ಊರು ಕಟ್ಟಿಸಿದ ರಾಜ ಕವಿಯೂ ಆಗಿದ್ದ ಅನ್ನುವುದು ಆ ಊರಿನ ಬೀದಿಗಳಲ್ಲಿ ದಿನಾ ತಿರುಗಾಡುವ ನಮಗೆ ಎಷ್ಟು ಜನಕ್ಕೆ ಗೊತ್ತು?

ಹೀಗೆ ಕೊಂಡದ್ದನ್ನೆಲ್ಲ ಅವರು ಓದಿದರೇ? ಇದು ಎಲ್ಲ ಪುಸ್ತಕಪ್ರೇಮಿಗಳನ್ನೂ ಜನ ಕೇಳುವ ಪ್ರಶ್ನೆ. ನಾನು ಒಂದು ಸಣ್ಣ ಲೆಕ್ಕ ಹಾಕಿದೆ. ರಾಜೀನಾಮೆ ಕೊಟ್ಟ ಮೇಲೆ ಮೂವತ್ತನಾಲ್ಕು ವರ್ಷ. ದಿನಕ್ಕೊಂದು ಪುಸ್ತಕ, ಹಬ್ಬ ಹುಣ್ಣಿಮೆ ಬಿಡದೆ ಓದಿದರೂ 12,410 ಪುಸ್ತಕ. ಅಜ್ಜನ ಕಾಲದ್ದು, ಅವರು ಕೊಂಡದ್ದು, ಆಮೇಲೆ ಸೇರಿದ್ದು ಎಲ್ಲಾ ಕೂಡಿ ಆ ಗ್ರಂಥಾಲಯದಲ್ಲಿ ಅಚ್ಚಾದ ಪುಸ್ತಕಗಳೇ 62 ಸಾವಿರಕ್ಕೂ ಹೆಚ್ಚು. ದಿನಕ್ಕೊಂದರಂತೆ ಮುಗಿಸಲು 170 ವರ್ಷ ಬೇಕು. ಅಂದಮೇಲೆ ಎಲ್ಲಾ ಓದುವುದು ಯಾರಿಂದಲೂ ಆಗದ ಮಾತು. ಆದರೆ ಓದಿ ಮುಗಿಸುವುದಕ್ಕೇ ಪುಸ್ತಕ ಕೊಳ್ಳುವವರು ಪರೀಕ್ಷೆಗೆ ಕಟ್ಟಿದವರು ಮಾತ್ರ. ನಿಜವಾದ ಪುಸ್ತಕಪ್ರೇಮಿ ಮುಂದೆ ಯಾವತ್ತೋ ಓದೋಣ ಅನ್ನುವ ಆಸೆಗೆ ಕೊಳ್ಳುತ್ತಾನೆ. ಹೋಗಲಾರದ ಊರುಗಳ ನಕಾಶೆಯನ್ನು ಗೋಡೆಗೆ ಅಂಟಿಸಿಕೊಂಡ ಹಾಗೆ ಅದು. ನಾವು ಕೋಠಿಯ ಹಳೇ ಪುಸ್ತಕದ ಸಾಲಿನಲ್ಲಿ ಊಟದ ದುಡ್ಡು ಉಳಿಸಿ ಕೊಳ್ಳುವುದೂ ಅದೇ ಆಸೆಗೆ. ನವಾಬರ ಹುಚ್ಚು, ನಮ್ಮ ಹುಚ್ಚು ಒಂದೇ ಜಾತಿ. ವ್ಯತ್ಯಾಸ ಜೇಬಿನದು.

ಇನ್ನೊಂದು ಮಾತು. ಅವರ ಸಂಗ್ರಹದಲ್ಲಿ ಜನ ಮುಗಿಬಿದ್ದು ನೋಡುವ ಸಾಮಾನು ಎಷ್ಟೋ ಹುಟ್ಟಿದ್ದೇ ಪುಸ್ತಕದಿಂದ. ಮುಸುಕಿನ ರೆಬೆಕಾ ಬೈಬಲ್ಲಿನ ಹಳೆಯ ಒಡಂಬಡಿಕೆಯವಳು. ಮದುವೆಯಾಗಲಿರುವ ಗಂಡನ್ನು ದೂರದಿಂದ ಕಂಡು ಮುಸುಕು ಎಳೆದುಕೊಂಡ ಗಳಿಗೆ ಅದು. ಒಂದೇ ಮರದ ದಿಮ್ಮಿಯಲ್ಲಿ ಮುಂದೆ ಗಂಡು, ಹಿಂದೆ ಹೆಣ್ಣು ಕೆತ್ತಿ, ಬೆನ್ನಿಗೆ ಕನ್ನಡಿ ಇಟ್ಟ ಗೊಂಬೆ ಇದೆಯಲ್ಲ, ಅದು ಜರ್ಮನ್ ಕವಿ ಗಯಟೆಯ ಫೌಸ್ಟ್ ನಾಟಕದ ಮೆಫಿಸ್ಟೋಫಿಲಿಸ್ ಮತ್ತು ಮಾರ್ಗರೆಟ್. ಫೌಸ್ಟ್ ಅಂದರೆ ಓದಿ ಓದಿ ಬೇಸತ್ತ ಒಬ್ಬ ಪಂಡಿತ. ಪುಸ್ತಕ ಸಾಕು, ಬದುಕು ಬೇಕು ಅಂತ ಸೈತಾನನ ಜೊತೆ ಕರಾರು ಮಾಡಿಕೊಂಡವನು. ನಮ್ಮ ನವಾಬರದ್ದು ಅದರ ತಿರುಗುಮುರುಗು. ದಿವಾನಗಿರಿ ಅನ್ನುವ ಬದುಕು ಕೈಬಿಟ್ಟು ಹೋದ ಮೇಲೆ ಪುಸ್ತಕದ ಕಡೆಗೆ ಬಂದವರು ಅವರು. ಪುಸ್ತಕ ಓದದೆ ಗೊಂಬೆ ನೋಡಿದರೆ ಅರ್ಧ ನೋಡಿದ ಹಾಗೆ.

ಈಗ ಬೊಕ್ಕಸದ ಮಾತಿಗೆ ಬರೋಣ. ಇಲ್ಲಿಯವರೆಗೆ ಹೇಳಿದ್ದು ಹೈದರಾಬಾದಿನ ಎಲ್ಲರಿಗೂ ಸೇರಿದ ಕತೆ. ಇನ್ನು ಮುಂದಿನದು ಕನ್ನಡಿಗರು ಕಿವಿಗೊಟ್ಟು ಕೇಳಬೇಕಾದದ್ದು.

ನಿಜಾಮರ ಸಂಸ್ಥಾನದಲ್ಲಿ ಎಲ್ಲ ಭೂಮಿಯ ಕಂದಾಯವೂ ಸರ್ಕಾರಕ್ಕೆ ಹೋಗುತ್ತಿರಲಿಲ್ಲ. ಸರ್ಕಾರದ್ದಕ್ಕೆ ದಿವಾನಿ ಅಂತ ಹೆಸರು. ನಿಜಾಮರ ಸ್ವಂತ ಖರ್ಚಿಗೆ ಬಿಟ್ಟದ್ದು ಸರ್ಫೆಖಾಸ್. ದೊಡ್ಡ ಮನೆತನಗಳಿಗೆ ಬಿಟ್ಟುಕೊಟ್ಟದ್ದು ಜಹಗೀರು. ಜಹಗೀರಿನ ಹಳ್ಳಿಯ ರೈತ ತನ್ನ ಕಂದಾಯವನ್ನು ಜಹಗೀರುದಾರನ ಕಚೇರಿಗೆ ಕಟ್ಟಬೇಕು. ಸಾಲಾರ್ ಜಂಗರ ಜಹಗೀರು ಸಂಸ್ಥಾನದ ಅತಿ ದೊಡ್ಡ ಜಹಗೀರುಗಳಲ್ಲಿ ಒಂದು. ಅದು ಒಂದೇ ಕಡೆ ಇರಲಿಲ್ಲ, ಬೇರೆ ಬೇರೆ ಜಿಲ್ಲೆಗಳಲ್ಲಿ ಹರಡಿತ್ತು. ಅದರಲ್ಲಿ ಆಗಿನ ರಾಯಚೂರು ಜಿಲ್ಲೆಯ ಎರಡು ತಾಲ್ಲೂಕುಗಳೂ ಇದ್ದವು. ಯಾವುವು ಗೊತ್ತೇನು? ಕೊಪ್ಪಳ ಮತ್ತು ಯಲಬುರ್ಗಾ.

ನಮ್ಮೂರು ಆ ಸೀಮೆಯದೇ. ನಮ್ಮ ಕಡೆ ಜೋಳ, ಹತ್ತಿ, ಶೇಂಗಾ ಬೆಳೆ. ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಳಬರು ಈಗಲೂ ಹಳೇ ಕಾಲದ ಮಾತು ಬಂದರೆ ಅದು ಸಾಲಾರ್ ಜಂಗನ ಜಹಗೀರಿ ಇತ್ತು ಅಂತಾರೆ. ಚಿಕ್ಕವನಿದ್ದಾಗ ಅದು ಯಾವುದೋ ಕಾಗಕ್ಕ ಗುಬ್ಬಕ್ಕನ ಕತೆಯ ರಾಜನ ಹೆಸರು ಅಂತ ತಿಳಿದಿದ್ದೆ. ಹೈದರಾಬಾದಿಗೆ ಬಂದು ಆ ಹೆಸರನ್ನು ಬಸ್ಸಿನ ಹಲಗೆ ಮೇಲೆ ಓದಿದಾಗ ಎರಡೂ ಒಂದೇ ಅಂತ ತಿಳಿಯಿತು.

ಲೆಕ್ಕಶಾಸ್ತ್ರದಲ್ಲಿ ನಮಗೆ ಮೊದಲ ವರ್ಷವೇ ಕಲಿಸುವ ನಿಯಮ: ಪಡೆದವನ ಖಾತೆಗೆ ಡೆಬಿಟ್, ಕೊಟ್ಟವನ ಖಾತೆಗೆ ಕ್ರೆಡಿಟ್. ಸಾಲಾರ್ ಜಂಗ್ ಸಂಗ್ರಹದ ಲೆಕ್ಕ ಬರೆದರೆ ಕೊಟ್ಟವರ ಪಟ್ಟಿಯಲ್ಲಿ ಪುಸ್ತಕ ಮಾರಿದ ವ್ಯಾಪಾರಿ ಇಲ್ಲ. ಅವನು ಹಣ ತಗೊಂಡೇ ಕೊಟ್ಟವನು. ಕೊಟ್ಟವರು ಅಂದರೆ ಕಂದಾಯ ಕಟ್ಟಿದ ರೈತರು. ತೆಲುಗು ಸೀಮೆಯ ರೈತ, ಮರಾಠಿ ಸೀಮೆಯ ರೈತ, ಕೊಪ್ಪಳ ಯಲಬುರ್ಗಾದ ಕನ್ನಡ ರೈತ. ಅವರ ಜೋಳದ ಚೀಲ ಬೆಳ್ಳಿ ರೂಪಾಯಿಯಾಗಿ, ರೂಪಾಯಿ ಪೌಂಡು ಆಗಿ, ಪೌಂಡು ಪುಸ್ತಕವಾಗಿ ಮೂಸಿ ದಂಡೆಗೆ ಬಂದು ಕೂತಿತು. ಆ ಪುಸ್ತಕಗಳ ಲೆಕ್ಕ ಭಾಷಾವಾರು ನೋಡಿದರೆ ಇಂಗ್ಲಿಷ್ ಸುಮಾರು 41 ಸಾವಿರ, ಉರ್ದು ಸುಮಾರು 13 ಸಾವಿರ, ಪಾರ್ಸಿ 3 ಸಾವಿರಕ್ಕೂ ಮೇಲೆ, ಅರಬ್ಬಿ 2 ಸಾವಿರಕ್ಕೂ ಮೇಲೆ, ಹಿಂದಿ ಮತ್ತು ತೆಲುಗು ಒಂದೊಂದು ಸಾವಿರ ಚಿಲ್ಲರೆ. ತುರ್ಕಿ ಭಾಷೆಯದು ಕೂಡ ನೂರಕ್ಕೆ ಮೇಲೆ ಇವೆ. ಆ ಪಟ್ಟಿಯಲ್ಲಿ ಕನ್ನಡಕ್ಕೆ ಕಾಲಂ ಇಲ್ಲ.

ಇದರಲ್ಲಿ ದೊಡ್ಡ ವಿಚಿತ್ರ ಏನೆಂದರೆ, ಕೊಪ್ಪಳ ಯಾವುದೋ ಮೂಲೆಯ ಊರಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರುಗಳ ಹೆಸರು ತೆಗೆಯುತ್ತದೆ. ಅದರಲ್ಲಿ ಕೊಪಣ ಒಂದು. ಅದೇ ಇಂದಿನ ಕೊಪ್ಪಳ. ಅಂದರೆ ನಮ್ಮ ನವಾಬರ ಜಹಗೀರಿನೊಳಗೇ ತಿರುಳ್ಗನ್ನಡದ ನಾಡು ಇತ್ತು. ತುರ್ಕಿಯ ಪುಸ್ತಕಕ್ಕೆ ಕೈ ಚಾಚಿದವರಿಗೆ ತಮ್ಮದೇ ಹೊಲದಲ್ಲಿ ಬೆಳೆದ ಭಾಷೆ ಕಣ್ಣಿಗೆ ಬೀಳಲಿಲ್ಲ.

ಅಷ್ಟೇ ಅಲ್ಲ. 1931ರಲ್ಲಿ, ಅವರು ಇನ್ನೂ ಇದೇ ನಗರದಲ್ಲಿ ಪುಸ್ತಕ ಕೂಡಿಸುತ್ತಿರುವಾಗಲೇ, ಕೊಪ್ಪಳದ ಗವಿಮಠದ ಗುಡ್ಡದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕ ಚಕ್ರವರ್ತಿಯ ಶಾಸನಗಳು ಬೆಳಕಿಗೆ ಬಂದವು. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಬಂಡೆ ಮೇಲೆ ಕೊರೆದ ಅಕ್ಷರ! ಹೈದರಾಬಾದಿನ ಪುರಾತತ್ವ ಇಲಾಖೆ 1932ರಲ್ಲಿ ಅವನ್ನು ಪುಸ್ತಕವಾಗಿ ಅಚ್ಚು ಹಾಕಿಸಿತು. 1935ರಲ್ಲಿ ಕೊಪ್ಪಳದ ಕನ್ನಡ ಶಾಸನಗಳದ್ದೇ ಇನ್ನೊಂದು ಪುಸ್ತಕ ಬಂತು. ಜಗತ್ತಿನ ಹಸ್ತಪ್ರತಿಗಳನ್ನೆಲ್ಲ ಹುಡುಕಿಸುತ್ತಿದ್ದ ಮನುಷ್ಯನ ಜಹಗೀರಿನಲ್ಲೇ ಅವೆಲ್ಲಕ್ಕಿಂತ ಹಳೆಯ ಬರಹ ಮಳೆ ಬಿಸಿಲಿಗೆ ಬಿದ್ದಿತ್ತು. ಅದನ್ನು ಕೊಂಡು ತಂದು ಕಪಾಟಿನಲ್ಲಿ ಇಡುವ ಹಾಗಿರಲಿಲ್ಲ. ಅಲ್ಲಿಗೇ ಹೋಗಿ ಓದಬೇಕಾದ ಪುಸ್ತಕ ಅದು. ದೇಶ ಸುತ್ತು, ಕೋಶ ಓದು ಅನ್ನುವ ಮಾತು ಎರಡೂ ಒಟ್ಟಿಗೆ ಸಲ್ಲುವುದು ಅಂಥ ಕಡೆಗೆ.

ಇದನ್ನು ಹೇಳಿ ನವಾಬರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಅವರ ಮನೆಮಾತು ಉರ್ದು, ಅವರ ಮನೆತನದ ವಿದ್ಯೆ ಪಾರ್ಸಿ, ಅವರ ಕಾಲದ ದೊರೆತನದ ಭಾಷೆ ಇಂಗ್ಲಿಷು. ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡಕ್ಕೆ ಕಚೇರಿಯಲ್ಲಿ ಜಾಗ ಇರಲಿಲ್ಲ. 1918ರಲ್ಲಿ ಹುಟ್ಟಿದ ಉಸ್ಮಾನಿಯ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಅದೇ 1918ರಲ್ಲಿ ಯಲಬುರ್ಗಾ ಸೀಮೆಯ ದ್ಯಾಂಪುರ ಅನ್ನುವ ಹಳ್ಳಿಯಲ್ಲಿ ಒಂದು ಮಗು ಹುಟ್ಟಿತು. ಬೆಳೆದು ಇದೇ ಉಸ್ಮಾನಿಯಕ್ಕೆ ಓದಲು ಬಂತು. ಆಮೇಲೆ ಕಾವ್ಯಾನಂದ ಅನ್ನುವ ಹೆಸರಿನಿಂದ ಕನ್ನಡದ ದೊಡ್ಡ ಕವಿಯಾಯಿತು. ಅವರೇ ಸಿದ್ಧಯ್ಯ ಪುರಾಣಿಕರು. ಸಾಲಾರ್ ಜಂಗರ ಕಪಾಟಿಗೆ ಬಾರದ ಕನ್ನಡ ಅವರದೇ ಜಹಗೀರಿನ ಹಳ್ಳಿಯಿಂದ ಕಾಲ್ನಡಿಗೆಯಲ್ಲಿ ನಗರಕ್ಕೆ ಬಂದ ಹಾಗಾಯಿತು. ಪುಸ್ತಕ ಇಲ್ಲದ ಭಾಷೆ ಅಲ್ಲ ನಮ್ಮದು, ಕೇಳುವವರು ಇಲ್ಲದ ಭಾಷೆಯಾಗಿತ್ತು.

ನವಾಬರ ಕೊನೆಯ ದಿನಗಳು ದೊಡ್ಡ ಗದ್ದಲದ ನಡುವೆ ಕಳೆದವು. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು. ನಾಲ್ಕೈದು ದಿನಗಳಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಇನ್ನೂರು ವರ್ಷಗಳಿಂದ ಇದ್ದ ವ್ಯವಸ್ಥೆ ಕಣ್ಣ ಮುಂದೆ ಕುಸಿಯಿತು. ಅದಾದ ಆರು ತಿಂಗಳೊಳಗೆ, 1949ರ ಮಾರ್ಚ್ 2ರಂದು, ಮೂರನೆಯ ಸಾಲಾರ್ ಜಂಗ್ ತೀರಿಕೊಂಡರು. ಅರವತ್ತು ತುಂಬಲು ಇನ್ನೂ ಮೂರು ತಿಂಗಳಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಜಹಗೀರು ಪದ್ಧತಿಯೇ ರದ್ದಾಯಿತು. ಬೊಕ್ಕಸವನ್ನು ತುಂಬಿಸುತ್ತಿದ್ದ ಕಾಲುವೆ ಬತ್ತುವ ಮೊದಲೇ ಅವರು ಹೊರಟುಹೋದರು. ಕೊಪ್ಪಳದ ರೈತ ಅವರಿಗೆ ಕಟ್ಟಿದ ಕಂದಾಯ ಅಲ್ಲಿಗೆ ಮುಗಿಯಿತು. 1956ರ ನವೆಂಬರ್ 1ರಂದು ಆ ತಾಲ್ಲೂಕುಗಳು ಕನ್ನಡ ರಾಜ್ಯಕ್ಕೆ ಸೇರಿದವು.

ಹೆಂಡತಿ ಇಲ್ಲ, ಮಕ್ಕಳಿಲ್ಲ, ನೇರ ವಾರಸುದಾರರಿಲ್ಲ. ವಾಡೆ ತುಂಬ ಸಾಮಾನು, ಕಪಾಟು ತುಂಬ ಪುಸ್ತಕ. ಇಂಥ ಆಸ್ತಿಗಳು ಸಾಮಾನ್ಯವಾಗಿ ಏನಾಗುತ್ತವೆ? ದಾಯಾದಿಗಳು ಹಂಚಿಕೊಳ್ಳುತ್ತಾರೆ, ಉಳಿದದ್ದು ಹರಾಜಿಗೆ ಬರುತ್ತದೆ, ಹತ್ತು ವರ್ಷದಲ್ಲಿ ಒಂದೊಂದು ಪುಸ್ತಕ ಒಂದೊಂದು ಊರು ಸೇರುತ್ತದೆ. ಇಲ್ಲಿ ಹಾಗಾಗಲಿಲ್ಲ. ಸರ್ಕಾರ ಆಸ್ತಿಯನ್ನು ಒಂದು ಸಮಿತಿಯ ಕೈಗೆ ಕೊಟ್ಟಿತು. ಆಗ ಆಡಳಿತ ನಡೆಸುತ್ತಿದ್ದ ಎಂ. ಕೆ. ವೆಲ್ಲೋಡಿಯವರು ಸಂಗ್ರಹವನ್ನು ಒಡೆಯದೆ ಉಳಿಸುವ ಮನಸ್ಸು ಮಾಡಿದರು. ಜೇಮ್ಸ್ ಕಸಿನ್ಸ್ ಅನ್ನುವ ಕಲಾವಿಮರ್ಶಕರು ಸಾಮಾನನ್ನು ಜೋಡಿಸಿಕೊಟ್ಟರು. 1951ರ ಡಿಸೆಂಬರ್ 16ರಂದು ಪಂಡಿತ ನೆಹರೂ ದಿವಾನ್ ದೇವಡಿಯಲ್ಲೇ ವಸ್ತುಸಂಗ್ರಹಾಲಯವನ್ನು ತೆರೆದರು. ವಾರಸಿನ ಹಕ್ಕು ಹೇಳಿದವರ ಜೊತೆ ರಾಜಿ ಆಯಿತು. 1961ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂತ ಘೋಷಿಸಿತು. 1968ರಲ್ಲಿ ಈಗಿರುವ ಕಟ್ಟಡಕ್ಕೆ ಎಲ್ಲವೂ ಬಂತು. ದಿವಾನ್ ದೇವಡಿ ಮಾತ್ರ ಕಾಲಕ್ರಮದಲ್ಲಿ ಬಹುಮಟ್ಟಿಗೆ ಕಾಣದಾಯಿತು. ಕೂಡಿಸಿದವರ ಮನೆ ಹೋಯಿತು, ಕೂಡಿಸಿದ್ದು ಉಳಿಯಿತು.

ನಾನು ನೋಡಿದ ಹಾಗೆ ಈಗಲೂ ಅಲ್ಲಿ ಹೆಚ್ಚು ಜನ ಸೇರುವುದು ಕಲ್ಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪೆನಿಯ ಗಡಿಯಾರದ ಮುಂದೆ. ಗಂಟೆಗೊಮ್ಮೆ ಒಂದು ಸಣ್ಣ ಗೊಂಬೆ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡು ಗಂಟೆಗಂತೂ ಕೂರಲು ಜಾಗ ಸಿಗೋದಿಲ್ಲ. ಅದೇ ಹೊತ್ತಿಗೆ ಗ್ರಂಥಾಲಯದಲ್ಲಿ ಪುಟ ತಿರುವುವ ಸದ್ದು ಕೇಳುವಷ್ಟು ನಿಶ್ಶಬ್ದ. ಪುಸ್ತಕ ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಗಡಿಯಾರ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ನಾನೂ ಕೂತು ನೋಡಿದವನೇ. ಆದರೆ ಗೊಂಬೆ ಒಳಗೆ ಹೋದ ಮೇಲೆ ನಾವು ಹೊರಗೆ ಹೋಗುವುದು ಬೇಡ.

ಒಬ್ಬ ಮನುಷ್ಯನ ಬದುಕಿಗೆ ಬ್ಯಾಲೆನ್ಸ್ ಶೀಟ್ ಬರೆಯುವುದು ಕಷ್ಟ. ಬರೆದರೂ ಎರಡು ಕಡೆ ಸರಿ ಹೊಂದುವುದಿಲ್ಲ. ಮೂರನೆಯ ಸಾಲಾರ್ ಜಂಗರು ರೈತನ ದುಡ್ಡಿನಿಂದ ಬದುಕಿದರು, ಇದು ನಿಜ. ಆ ರೈತನ ಭಾಷೆಯನ್ನು ತಿರುಗಿ ನೋಡಲಿಲ್ಲ, ಇದೂ ನಿಜ. ಆದರೆ ಆ ದುಡ್ಡನ್ನು ಅವರು ಉಂಡು ಕರಗಿಸಲಿಲ್ಲ. ಬೇರೆ ಎಷ್ಟೋ ಜಹಗೀರುಗಳ ಕಂದಾಯ ಎಲ್ಲಿ ಹೋಯಿತು ಅಂತ ಇವತ್ತು ಹುಡುಕಿದರೂ ಸಿಗುವುದಿಲ್ಲ. ಕೊಪ್ಪಳದ ಕಂದಾಯ ಎಲ್ಲಿದೆ ಅಂತ ಕೇಳಿದರೆ ಬೆರಳು ಮಾಡಿ ತೋರಿಸಬಹುದು. ಮೂಸಿಯ ದಕ್ಷಿಣ ದಂಡೆಯಲ್ಲಿ, ನಯಾಪೂಲ್ ಹತ್ತಿರ, ಕಪಾಟುಗಳಲ್ಲಿ ಧೂಳು ಕೂರದಂತೆ ಜೋಡಿಸಿ ಇಟ್ಟಿದೆ.

ಆದ್ದರಿಂದ ಮಿತ್ರರೇ, ನಾವು ಅಲ್ಲಿಗೆ ಹೋಗುವಾಗ ಯಾರೋ ದೊಡ್ಡವರ ಮನೆ ನೋಡಲು ಹೋದ ಹಾಗೆ ಕೈ ಕಟ್ಟಿಕೊಂಡು ಹೋಗುವ ಕಾರಣ ಇಲ್ಲ. ಕೊಟ್ಟವನ ಖಾತೆಗೆ ಕ್ರೆಡಿಟ್ ಅನ್ನುವ ನಿಯಮ ಸುಳ್ಳಾಗದಿದ್ದರೆ ನಮ್ಮ ಮುತ್ತಜ್ಜಂದಿರ ಹೆಸರಿನಲ್ಲಿ ಅಲ್ಲಿ ಒಂದು ಜಮಾ ಬಾಕಿ ಇದೆ. ಅದನ್ನು ನಗದಾಗಿ ಯಾರೂ ಕೊಡುವುದಿಲ್ಲ. ಕೂತು ಓದಿದರೆ ಮಾತ್ರ ವಸೂಲಾಗುತ್ತದೆ. ಕನ್ನಡದ ಕಾಲಂ ಅಲ್ಲಿ ಇಲ್ಲ ಅಂತ ಕೊರಗುವವರು ಕನ್ನಡ ಓದುವ ನಾಲ್ಕು ಜನ ದಿನಾ ಅಲ್ಲಿ ಹೋಗಿ ಕೂತು, ಕನ್ನಡ ಪುಸ್ತಕ ಇದೆಯೇ ಅಂತ ಕೇಳುವ ಹಾಗೆ ಮಾಡಲಿ. ಕೇಳುವವರು ಹುಟ್ಟಿದರೆ ಕಾಲಂ ತಾನಾಗಿ ಹುಟ್ಟುತ್ತದೆ.